ಮಿಡ್ ಎಷ್ಟಿತ್ತು

"ಅದನ್ನು ಮುಟ್ಟಬೇಡಿ!"

ಪ್ರಾಪ್ತಿ ಕೂಗಿದ ರಭಸಕ್ಕೆ ಮುಖೇಶನ ಕೈಯಲ್ಲಿದ್ದ ಮೈಕಿನ ವಯರು ಕೆಳಗೆ ಬಿತ್ತು. ಅಂಗಳದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ಒಟ್ಟಿಗೆ ಜಗಲಿಯ ಕಡೆ ತಿರುಗಿದರು. ಒಳಗೆ ನಡುಕೋಣೆಯಲ್ಲಿ ತಲೆಯ ಹತ್ತಿರ ದೀಪ ಹಚ್ಚಿಸಿಕೊಂಡು ಮಲಗಿದ್ದ ಗುರುವಪ್ಪನವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಅವಳ ಕೂಗು ಕೇಳಿಸಿತ್ತು.

"ಎಂತ ಆಯ್ತು ಮಾರಾಯ್ತಿ?" ಎಂದ ಮುಖೇಶ. ಅವನು ಗುರುವಪ್ಪನವರ ತಮ್ಮ. ಬೆಳಗ್ಗಿನಿಂದ ಶಾಮಿಯಾನ, ಆಂಬ್ಯುಲೆನ್ಸ್, ಕಟ್ಟಿಗೆ ಎಂದು ಒಬ್ಬನೇ ಓಡಾಡಿ ಸುಸ್ತಾಗಿದ್ದ. "ನಾಲ್ಕು ಭಜನೆ ಹೇಳಿಸುವ ಅಂತ. ಮನೆಯಲ್ಲಿ ಆಂಪ್ಲಿಫೈಯರ್ ಇದ್ದೇ ಉಂಟಲ್ಲ."

"ಅದು ಭಜನೆಯದ್ದಲ್ಲ ಚಿಕ್ಕಪ್ಪ, ಗಿಟಾರಿದ್ದು. ಅದಕ್ಕೆ ಮೈಕ್ ಹಾಕಿದ್ರೆ ಶಕ್ತಿನಗರ ಪೂರಾ ಕೇಳುವ ಹಾಗೆ ಕಿರುಚುತ್ತದೆ. ಮತ್ತೆ ಅದರ ಒಂದು ನಾಬ್ ಸಹ ತಿರುಗಬಾರದು."

"ನಾಬ್ ತಿರುಗಿದ್ರೆ ಎಂತ ಆಗ್ತದೆ?"

"ಅಪ್ಪ ಇಟ್ಟದ್ದು ಅದು. ಹಾಗೇ ಇರಬೇಕು."

ದುಃಖದಲ್ಲಿ ತಲೆ ಕೆಟ್ಟವರನ್ನು ನೋಡುವ ಹಾಗೆ ಮುಖೇಶ ಅವಳನ್ನು ನೋಡಿದ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ತಲೆ ಸರಿಯಾಗಿಯೇ ಇತ್ತು. ಹೆಣ ಮಲಗಿಸಲು ಜಾಗ ಬೇಕೆಂದು ಆ ಪೆಟ್ಟಿಗೆಯನ್ನು ಜಗಲಿಗೆ ತಂದಿಟ್ಟು, ಮೇಲೆ ಚಾದರ ಹೊದೆಸಿದ್ದರು. ಅದರ ಮೇಲೆ ಯಾರೋ ಚಹಾದ ಲೋಟ ಬೇರೆ ಇಟ್ಟಿದ್ದರು. ಅವಳು ಲೋಟ ತೆಗೆದು, ಚಾದರ ಸರಿಸಿ, ಮಂಡಿಯೂರಿ ಕೂತಳು. ಎಡದಿಂದ ಗೇನ್, ಬಾಸ್, ಮಿಡ್, ಟ್ರೆಬಲ್, ಪ್ರೆಸೆನ್ಸ್, ಮಾಸ್ಟರ್. ಆರು ಕಪ್ಪು ನಾಬ್‌ಗಳು. ಕಣ್ಣು ಮಂಜಾಗಿತ್ತು, ಮೊಬೈಲಿನಲ್ಲಿ ಎರಡು ಫೋಟೋ ತೆಗೆದು ಮತ್ತೆ ಚಾದರ ಮುಚ್ಚಿದಳು. ಇಷ್ಟಾದರೂ ಉಳಿಯಿತು ಅಂದುಕೊಂಡಳು.

*

ಗುರುವಪ್ಪನವರಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಪಂಪ್‌ವೆಲ್ಲಿನ ಒಂದು ಕೋಣೆಯ ಅಂಗಡಿಯಲ್ಲಿ ಮೂವತ್ತೈದು ವರ್ಷ ಮೈಕ್ ಸೆಟ್ ರಿಪೇರಿ ಮಾಡಿದವರು. ದೇವಸ್ಥಾನದ ಹಾರ್ನು, ಇಗರ್ಜಿಯ ಮೈಕು, ಮಸೀದಿಯ ಆಂಪ್ಲಿಫೈಯರು ಎಲ್ಲವೂ ಅವರ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದವೇ. ಮಗಳು ಇಂಟರ್ನೆಟ್ಟಿನಲ್ಲಿ ಗಿಟಾರಿನ ಸ್ವರ ಕರಕರ ಒಡೆಯುವಂಥ ಒಂದು ಹೈ-ಗೇನ್ ಆಂಪಿನ ಶಬ್ದ ಕೇಳಿಸಿ, ಇಂಥದ್ದೊಂದು ಮಾಡಿಕೊಡಿ ಎಂದಾಗ ಅವರು ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟಿದ್ದರು.

"ಕರಕರ ಶಬ್ದ ತೆಗೆಯುವುದೇ ಇಷ್ಟು ವರ್ಷ ನನ್ನ ಕೆಲಸ. ನೀನು ಅದನ್ನೇ ಹಾಕ್ಲಿಕ್ಕೆ ಹೇಳ್ತೀಯಲ್ಲ ಮಗಾ."

ಹಾಗಂದರೂ ಹಾಕಿಕೊಟ್ಟರು. ಹಳೆಯ ರೇಡಿಯೋ ವಾಲ್ವುಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದು, ಹಲಸಿನ ಮರದ ಪೆಟ್ಟಿಗೆ ಮಾಡಿಸಿ, ಹನ್ನೊಂದು ತಿಂಗಳು ಕೂತು ಕಟ್ಟಿದರು. ಜಗಳ ಶುರುವಾದದ್ದು ಆಮೇಲೆ. ಪ್ರಾಪ್ತಿ ಗೇನ್ ಪೂರ್ತಿ ಏರಿಸಿ, ನಡುಸ್ವರಗಳ ಮಿಡ್ ಪೂರ್ತಿ ಇಳಿಸುವವಳು. ಕೋಣೆಯೊಳಗೆ ಒಬ್ಬಳೇ ನುಡಿಸಿದರೆ ಎದೆ ನಡುಗುವಂಥ ಸೌಂಡು.

"ಮಿಡ್ ಸ್ವಲ್ಪ ಏರಿಸು. ನಾಲ್ಕು ಜನರೊಟ್ಟಿಗೆ ಇರುವಾಗ ನೀನು ನುಡಿಸಿದ್ದು ಕೇಳುವುದಿಲ್ಲ" ಎಂದು ಅವರು ಹೇಳುತ್ತಲೇ ಇದ್ದರು.

"ನಿಮಗೆ ಇದೆಲ್ಲ ಗೊತ್ತಾಗುದಿಲ್ಲ ಅಪ್ಪ."

ಬಲ್ಮಠದ ಹಾಲ್ ಒಂದರಲ್ಲಿ ಅವಳ ಬ್ಯಾಂಡಿನ ಕಾರ್ಯಕ್ರಮವಾದ ದಿನ ಅವಳು ನುಡಿಸಿದ್ದು ನಿಜವಾಗಿಯೂ ಕೇಳಿಸಲಿಲ್ಲ. ಡ್ರಮ್ಮೂ ಬಾಸೂ ಸೇರಿ ಅವಳನ್ನು ನುಂಗಿಬಿಟ್ಟವು. ಎಲ್ಲ ಮುಗಿದ ಮೇಲೆ, ವಯರು ಸುತ್ತುತ್ತಿದ್ದ ಅಪ್ಪನಿಗೆ ಬ್ಯಾಂಡಿನವರ ಎದುರೇ ಹೇಳಿದಳು: "ನಿಮ್ಮ ಈ ಡಬ್ಬ ತಗೊಂಡು ಹೋಗಿ." ಅವರು ಪೆಟ್ಟಿಗೆಯನ್ನು ರಿಕ್ಷಾಕ್ಕೆ ಹಾಕಿ ತಂದರು. ಅವಳು ಗಿಟಾರನ್ನೂ ಅದರ ಜೊತೆಗೇ ಕಳಿಸಿ, ಅಲ್ಲೇ ಹತ್ತಿರವಿದ್ದ ತನ್ನ ಬಾಡಿಗೆ ಕೋಣೆಗೆ ಹೋದಳು. ಬಲ್ಮಠದಿಂದ ಮನೆಗೆ ಬಸ್ಸಿನಲ್ಲಿ ಅರ್ಧ ಗಂಟೆಯೂ ಇಲ್ಲ. ಮೂರು ತಿಂಗಳು ಅವಳು ಬರಲಿಲ್ಲ.

ಗುರುವಾರ ಸಂಜೆ ಅಪ್ಪನೇ ಫೋನು ಮಾಡಿದ್ದರು.

"ಸಿಕ್ಕಿತು ಮಗಾ."

"ಎಂತ ಸಿಕ್ಕಿತು?"

"ಸೌಂಡ್. ನೀನು ಹೇಳ್ತಿದ್ದದ್ದು. ಬಾ, ನುಡಿಸಿ ನೋಡು."

"ಮಿಡ್ ಎಷ್ಟು ಇಟ್ಟಿದ್ದೀರಿ?"

"ಅದು ಫೋನಲ್ಲಿ ಹೇಳುವಂಥದ್ದಲ್ಲ. ಕೇಳಿದ್ರೆ ನಿನಗೇ ಗೊತ್ತಾಗ್ತದೆ."

ಆದಿತ್ಯವಾರ ಬರ್ತೇನೆ ಎಂದಿದ್ದಳು. ಶನಿವಾರ ಬೆಳಗ್ಗೆ ಹಲ್ಲುಜ್ಜುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ, ಮತ್ತೆ ಏಳಲಿಲ್ಲ.

*

ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ ಹೆಣ ಎತ್ತುವುದೆಂದು ನಿಶ್ಚಯವಾಯಿತು. ಪ್ರಾಪ್ತಿ ಮುಖೇಶನನ್ನು ಬದಿಗೆ ಕರೆದಳು.

"ಚಿಕ್ಕಪ್ಪ, ಒಮ್ಮೆ ನುಡಿಸ್ತೇನೆ. ಅಪ್ಪ ಹೋಗುವ ಮೊದಲು. ಎರಡೇ ನಿಮಿಷ."

"ಹೆಣ ಎದುರು ಇಟ್ಟುಕೊಂಡು ಗಿಟಾರ್ ಬಾರಿಸುದಾ? ಜನ ಎಂತ ಹೇಳಿಯಾರು?"

ಅವಳು ತಾಯಿಯ ಕಡೆ ನೋಡಿದಳು. ಗಂಡನ ತಲೆಯ ಬಳಿ ಕೂತಿದ್ದ ಕುಶಲಾ ಬೇಡ ಎಂಬಂತೆ ತಲೆಯಾಡಿಸಿದರು. ಈ ಮನೆಯಲ್ಲಿ ಒಬ್ಬರಿಗಾದರೂ ಏನಾದರೂ ಅರ್ಥವಾಗುತ್ತದೆಯೇ ಎಂದು ಪ್ರಾಪ್ತಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ರೋಸಿಹೋಯಿತು. ಹಾಗಾದರೆ ಬೆಂಕಿಯನ್ನಾದರೂ ತಾನೇ ಕೊಡುತ್ತೇನೆ ಎಂದು ಹಟ ಹಿಡಿದಳು. ಹೆಣ್ಣುಮಕ್ಕಳು ಸ್ಮಶಾನಕ್ಕೆ ಬರುವ ಕ್ರಮ ಇಲ್ಲ ಎಂದು ಇಬ್ಬರು ಹಿರಿಯರು ಗೊಣಗಿದರು. ಒಂದೇ ದಿನ ಎಷ್ಟಕ್ಕೆ ಬೇಡ ಅನ್ನುವುದು ಎಂದು ಮುಖೇಶ ಒಪ್ಪಿದ.

ಅವಳೇ ಬೆಂಕಿ ಕೊಟ್ಟಳು. ಹೊಗೆ ಎದ್ದ ಮೇಲೆ ದೂರದ ಕಟ್ಟೆಯಲ್ಲಿ ಬಂದು ಕೂತಾಗ ಪಕ್ಕದಲ್ಲಿ ಸಿದ್ದೀಕ್ ಇದ್ದ. ಪಂಪ್‌ವೆಲ್ಲಿನಲ್ಲಿ ಅಪ್ಪನ ಅಂಗಡಿಗೆ ತಾಗಿಯೇ ಅವನ ಮೊಬೈಲ್ ಅಂಗಡಿ. ಇಪ್ಪತ್ತು ವರ್ಷ ಇಬ್ಬರೂ ಒಂದೇ ಕೆಟಲಿನ ಚಹಾ ಕುಡಿದವರು.

"ನಿನ್ನ ಆಂಪ್ ಸರಿಯಾಯ್ತು ಅಂತ ಗುರುವಪ್ಪಣ್ಣನಿಗೆ ಎಂಥ ಖುಷಿ ಗೊತ್ತುಂಟಾ?" ಎಂದ ಸಿದ್ದೀಕ್. "ನುಡಿಸಿದಿಯಾ?"

"ಎಲ್ಲಿಂದ? ಬಿಡ್ಲಿಲ್ಲ. ಸೆಟ್ಟಿಂಗ್ ಫೋಟೋ ತೆಗೆದಿಟ್ಟಿದ್ದೇನೆ." ಅವಳು ಮೊಬೈಲು ತೋರಿಸಿದಳು.

ಅವನು ಬೆರಳಿನಿಂದ ಫೋಟೋ ಹಿಗ್ಗಿಸಿ ನೋಡಿದ.

"ಇದರಲ್ಲಿ ಸೆಟ್ಟಿಂಗ್ ಎಲ್ಲಿ ಉಂಟು ಮಾರಾಯ್ತಿ? ನಿನ್ನ ನಾಬ್ ತೆಗೆದು ಹಳೇ ರೇಡಿಯೋದ್ದು ಹಾಕಿದ್ದಾರೆ. ಇದಕ್ಕೆ ಗೆರೆಯೂ ಇಲ್ಲ, ಚುಕ್ಕೆಯೂ ಇಲ್ಲ. ಯಾಕೆ ಅಂತ ನಾನು ಕೇಳಿದ್ದೆ. ನಂಬರ್ ಇದ್ರೆ ಅವಳು ನಂಬರ್ ನೋಡಿ ಜಗಳಕ್ಕೆ ಬರ್ತಾಳೆ, ಸೌಂಡ್ ಕೇಳುದಿಲ್ಲ ಅಂದ್ರು."

ಪ್ರಾಪ್ತಿ ಮೊಬೈಲು ಕಿತ್ತುಕೊಂಡು ನೋಡಿದಳು. ಆರು ದುಂಡಗಿನ ಕಪ್ಪು ಬಿಲ್ಲೆಗಳು. ಯಾವ ಕಡೆ ತಿರುಗಿಸಿದರೂ ಹಾಗೆಯೇ ಕಾಣುವಂಥವು. ಅಷ್ಟರಲ್ಲಿ ಅವಳಿಗೆ ಇನ್ನೊಂದು ನೆನಪಾಯಿತು. ಹೆಣ ಹೋದ ಮೇಲೆ ಹೆಂಗಸರು ಮನೆಯನ್ನು ಪೂರ್ತಿ ತೊಳೆಯುತ್ತಾರೆ. ಒರೆಸುತ್ತಾರೆ. ಅವಳು ಅಮ್ಮನಿಗೆ ಫೋನು ಮಾಡಿದಳು. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಮಾಡಿದಳು.

"ಸಿದ್ದೀಕಣ್ಣ, ಬೈಕ್ ಉಂಟಾ?"

*

ಸ್ಮಶಾನದಿಂದ ಬಂದವರು ಸ್ನಾನ ಮಾಡದೆ ಒಳಗೆ ಕಾಲಿಡಬಾರದು. ಅವಳು ಬಚ್ಚಲಿನ ಕಡೆ ತಿರುಗಿಯೂ ನೋಡದೆ ಮೆಟ್ಟಿಲು ಹತ್ತಿದಳು. ಜಗಲಿಯಿಂದ ನಡುಕೋಣೆಯವರೆಗೆ ನೀರು ಹರಿಯುತ್ತಿತ್ತು. ಆಂಪ್ ಅದರ ಹಳೆಯ ಜಾಗಕ್ಕೆ, ಗೋಡೆಯ ಪಕ್ಕದ ಮಣೆಯ ಮೇಲೆ ಹೋಗಿತ್ತು. ಒರೆಸಿ ಒರೆಸಿ ಹಲಸಿನ ಮರ ಹೊಳೆಯುತ್ತಿತ್ತು. ಅವಳು ಗೇನ್ ನಾಬನ್ನು ಎಡಕ್ಕೆ ತಿರುಗಿಸಲು ನೋಡಿದಳು. ತಿರುಗಲಿಲ್ಲ. ಬಾಸೂ ತಿರುಗಲಿಲ್ಲ. ಎಲ್ಲವೂ ಸೊನ್ನೆಗೆ ಬಂದು ಕೂತಿದ್ದವು.

"ಇದನ್ನು ಯಾರು ಮುಟ್ಟಿದ್ದು?"

"ನಾನೇ" ಎಂದರು ಕುಶಲಾ. ಅವರ ಕೈಯಲ್ಲಿ ಇನ್ನೂ ಒದ್ದೆ ಬಟ್ಟೆ ಇತ್ತು. "ಒರೆಸುವ ಮೊದಲು ಎಲ್ಲ ಎಡಕ್ಕೆ ತಿರುಗಿಸಬೇಕು ಅಂತ ಅವರೇ ಹೇಳಿಕೊಟ್ಟದ್ದು."

"ಎಂತ ಮಾಡಿಬಿಟ್ಟಿ ಅಮ್ಮ! ಅಪ್ಪ ನನಗೋಸ್ಕರ ಇಟ್ಟದ್ದು ಅದೊಂದೇ. ನಿನಗೆ ಇದು ಯಾವಾಗಲೂ ಒಂದು ಡಬ್ಬ!"

"ಡಬ್ಬ ಅಂತ ಹೇಳಿದ್ದು ನಾನಲ್ಲ" ಎಂದರು ಕುಶಲಾ.

ಅಪ್ಪನ ಮೇಲೆ, ಅಮ್ಮನ ಮೇಲೆ, ಆದಿತ್ಯವಾರದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಬಂದ ಸಿಟ್ಟಿನಲ್ಲಿ ಪ್ರಾಪ್ತಿ ಮೂಲೆಯಲ್ಲಿದ್ದ ಗಿಟಾರನ್ನು ಎಳೆದುಕೊಂಡು ವಯರು ಸಿಕ್ಕಿಸಿದಳು. ಸ್ವಿಚ್ಚು ಹಾಕಿದಳು. ವಾಲ್ವುಗಳು ಬಿಸಿಯಾಗಿ ಕೆಂಪಗಾಗುವವರೆಗೆ ಅಳುತ್ತಾ ಕೂತಳು. ಗೇನ್ ಏರಿಸಿ, ಉಳಿದದ್ದನ್ನು ಅಂದಾಜಿಗೆ ತಿರುಗಿಸಿ, ಮಿಡ್ಡನ್ನು ಸೊನ್ನೆಯಲ್ಲೇ ಬಿಟ್ಟು, ದಪ್ಪದ ತಂತಿಯನ್ನು ಮೀಟಿದಳು. ತೊಳೆದ ಮನೆಯ ಕಿಟಕಿಯ ಗಾಜುಗಳು ಗುಂಯ್ಗುಟ್ಟಿದವು.

"ಅದಲ್ಲ" ಎಂದರು ಕುಶಲಾ.

ಪ್ರಾಪ್ತಿ ತಲೆಯೆತ್ತಿದಳು.

"ಅದಲ್ಲ ಅದು. ಮೂರು ತಿಂಗಳು ದಿನಾ ಸಂಜೆ ಇದೇ ತಂತಿ ಎಳೆದದ್ದು ನಿನ್ನ ಅಪ್ಪ. ಕೇಳದೆ, ನೋಡದೆ ನಾನು ಎಲ್ಲಿಗೆ ಹೋಗ್ಲಿ? ಕಡೆಗೆ ಇದ್ದದ್ದು ಹೀಗಲ್ಲ."

ಸ್ಮಶಾನದಿಂದ ಬಂದು ಬಚ್ಚಲಿಗೆ ಹೊರಟಿದ್ದ ಮುಖೇಶ ಬಾಗಿಲಲ್ಲಿ ಬಂದು ನಿಂತ. "ಎಂಥದ್ದು ಇದು ಅತ್ತಿಗೆ? ಅಲ್ಲಿ ಇನ್ನೂ ಬೆಂಕಿ ಆರ್ಲಿಲ್ಲ!"

"ನೀನು ಸ್ವಲ್ಪ ಸುಮ್ಮನಿರು ಮುಖೇಶ. ಕೇಳ್ಸುದಿಲ್ಲ."

ಕುಶಲಾ ಒದ್ದೆ ಬಟ್ಟೆಯನ್ನು ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಮಗಳ ಪಕ್ಕ ನೆಲದ ಮೇಲೆ ಕೂತರು. "ಮೀಟ್ತಾ ಇರು" ಎಂದು ಹೇಳಿ ಕಣ್ಣು ಮುಚ್ಚಿದರು. ಎಡದಿಂದ ಒಂದೊಂದೇ ನಾಬನ್ನು ಮುಟ್ಟಿ ಲೆಕ್ಕ ಹಾಕಿದ ಅವರ ಬೆರಳು ಮೂರನೆಯದಾದ ಮಿಡ್ಡಿನ ಮೇಲೆ ನಿಂತು, ಅದನ್ನು ಮೆಲ್ಲಗೆ ಬಲಕ್ಕೆ ತಿರುಗಿಸತೊಡಗಿತು.