ಹುರಳಿ ಮೇಲಿನ ಬ್ರೇಕು

ಯಂಕೋಬನ ಬಸ್ಸು ನಿಲ್ಲಬೇಕಾದಲ್ಲಿ ನಿಂತರೆ ಅಂದು ಮಳೆ ಬಂದೀತು ಅಂತ ತಾವರಗೇರಾದ ಜನ ಆಡಿಕೊಳ್ಳುತ್ತಿದ್ದರು. ಆತ ಬ್ರೇಕನ್ನು ಒಮ್ಮೆಲೇ ತುಳಿಯುವವನೇ ಅಲ್ಲ. ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಒಳಗೆ ಕೂತವರು ತಲೆಯಾಡಿಸುತ್ತ ಕೂರಬೇಕು, ಹೊರಗೆ ಕಾದವರು ಗಂಟುಮೂಟೆ ಹೊತ್ತು ಬಸ್ಸಿನ ಹಿಂದೆ ಓಡಬೇಕು.

ಹಾಗಂತ ಆತನಿಗೆ ಹುಚ್ಚೇನೂ ಇರಲಿಲ್ಲ. ಎಪ್ಪತ್ತೆಂಟನೆಯ ಇಸವಿಯ ಸುಗ್ಗಿಯಲ್ಲಿ ರೈತರು, ಗಾಡಿಗಳ ಗಾಲಿಗೆ ಸಿಕ್ಕು ಕಾಳು ಉದುರಲಿ ಅಂತ ಡಾಂಬರಿನ ಮೇಲೆ ಹುರಳಿ ಹರವಿದ್ದರು. ಅದರ ಮೇಲೆ ಯಂಕೋಬ ಗಟ್ಟಿಯಾಗಿ ಬ್ರೇಕು ತುಳಿದ. ಗಾಲಿಗಳು ನಿಂತವು, ಬಸ್ಸು ನಿಲ್ಲಲಿಲ್ಲ! ಸ್ಟೇರಿಂಗ್ ಎತ್ತ ತಿರುವಿದರೂ ಕೇಳದೆ ಅಡ್ಡಡ್ಡ ಜಾರಿ ಹೊಲಕ್ಕಿಳಿಯಿತು. ಯಾರೂ ಸಾಯಲಿಲ್ಲ, ದೇವರು ದೊಡ್ಡವನು. ಬಾಯಿ ಸುಟ್ಟ ಬೆಕ್ಕು ಅಂದಿನಿಂದ ಮಜ್ಜಿಗೆಯನ್ನೂ ಊದಿ ಕುಡಿಯತೊಡಗಿತು.

ಮರುವರ್ಷದ ಸುಗ್ಗಿಯಲ್ಲಿ ಒಂದು ದಿನ ಬಸ್ಸಿನ ಮಾಲಕ ವಿರುಪಣ್ಣ ತಾನೇ ಬಂದು ಪಕ್ಕದಲ್ಲಿ ಕೂತ.

"ದಿನಾ ದೂರು ಕೇಳಿ ಸಾಕಾಗೈತಿ. ಒಮ್ಮಿಗೇ ತುಳಿದು ನಿಲ್ಲಿಸಿದ್ರ ಛಲೋ. ಇಲ್ಲಾಂದ್ರ ಕುಷ್ಟಗಿಯೊಳಗ ಕೀಲಿ ಕೊಟ್ಟು ಇಳಿ."

"ಇಳಿತೀನ್ರಿ ಧಣಿ. ಕಾಲು ಮಾತ್ರ ಬದಲಿ ಆಗಂಗಿಲ್ಲ," ಅಂದ ಯಂಕೋಬ. ಅಂದನೇನೋ ನಿಜ, ಆದರೆ ಬಸ್ಸು ಹೊಡೆಯುವುದು ಬಿಟ್ಟರೆ ಆತನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಮೊದಲ ಸ್ಟಾಪಿನಲ್ಲೇ ಬಸ್ಸು ಬೇವಿನ ಮರ ದಾಟಿ ನಿಂತಿತು. ಬುಟ್ಟಿ ಹೊತ್ತು ಓಡಿಬಂದ ಪಕ್ಕೀರವ್ವ ಹತ್ತುತ್ತಲೇ ಶುರುಮಾಡಿದಳು. "ಏನೋ ತಮ್ಮಾ, ಅಂಗಾಲಿಗೆ ಇರುವಿ ಮುತ್ಯಾವೇನು?" ಬಸ್ಸೆಲ್ಲ ನಕ್ಕಿತು. ವಿರುಪಣ್ಣ ನಗಲಿಲ್ಲ.

ಹಳ್ಳದ ತಿರುವು ದಾಟಿದರೆ ರಸ್ತೆ ತುಂಬ ಹುರಳಿ. ನಡುವೆ ಮುದುಕಿಯೊಬ್ಬಳು ಧೂಳಿಗೆಂದು ಕಿವಿ ಮುಚ್ಚಿ ಸೆರಗು ಸುತ್ತಿಕೊಂಡು, ಬೆನ್ನು ತಿರುಗಿಸಿ ಬಳ್ಳಿ ಕೊಡವುತ್ತಿದ್ದಳು. ಹಾರ್ನ್ ಹೊಡೆದರೂ ಕೇಳಿಸಲಿಲ್ಲ.

"ತುಳಿಯಲೇ! ಒಮ್ಮಿಗೇ ತುಳಿ!" ವಿರುಪಣ್ಣ ಚೀರಿದ.

ಯಂಕೋಬ ತುಳಿಯಲಿಲ್ಲ. ಹಲ್ಲು ಕಚ್ಚಿ ಒತ್ತಿದ, ಬಿಟ್ಟ, ಒತ್ತಿದ, ಬಿಟ್ಟ. ಬಿಟ್ಟಾಗೆಲ್ಲ ಗಾಲಿ ಉರುಳಿತು, ಸ್ಟೇರಿಂಗ್ ಮಾತು ಕೇಳಿತು. ಬಸ್ಸು ಮುದುಕಿಯ ಪಕ್ಕದಲ್ಲೇ ಸರಿದು, ಬಹಳ ಮುಂದೆ ಹೋಗಿ, ನೆಟ್ಟಗೆ ನಿಂತಿತು.

ವಿರುಪಣ್ಣ ಮುದುಕಿಯನ್ನು ಬೈಯಲು ಇಳಿದು ಓಡಿದ. ಹುರಳಿಯ ಮೇಲೆ ಗಕ್ಕನೆ ಕಾಲೂರಿದ್ದೇ ತಡ, ಜಾರಿ ಕುಂಡಿ ಊರಿ ಬಿದ್ದ.

"ಒಮ್ಮಿಗೇ ತುಳಿದ್ರೆಲ್ರೀ ಧಣಿ!" ಅಂದಳು ಕಿಟಕಿಯಿಂದ ಪಕ್ಕೀರವ್ವ.

ಆತ ಕುಂಡಿ ಸವರುತ್ತ ತಿರುಗಿ ಬಂದು ಕೂತ. ಪಕ್ಕೀರವ್ವ ಇಳಿಯುವ ಕ್ರಾಸಿನ ಹತ್ತಿರ ಡಾಂಬರು ಕಿತ್ತು ಸಣ್ಣ ಕಲ್ಲು ಬೆರೆತ ಗರಸು ಮಣ್ಣು ಹಾಕಿದ್ದರು. ಯಂಕೋಬನ ಕಾಲು ಮತ್ತೆ ಕುಣಿಯತೊಡಗಿದಾಗ ವಿರುಪಣ್ಣ ಬಾಯಿ ಬಿಟ್ಟ. "ಇಲ್ಲಿ ಹುರಳಿ ಇಲ್ಲೋ ಮಾರಾಯ. ನಾನೂ ಲಾರಿ ಹೊಡದಾಂವ. ಸಡಿಲ ಗರಸಿನ್ಯಾಗ ನಿಂತ ಗಾಲಿ ಮಣ್ಣು ಕೆತ್ತಿ ಲಗೂನ ನಿಲ್ತೈತಿ. ದಾರಿ ನೆಟ್ಟಗೈತಿ, ಎದುರಿಗೆ ಯಾರೂ ಇಲ್ಲ. ತುಳಿ."

ಯಂಕೋಬ ಒಮ್ಮೆಲೇ ತುಳಿದ. ಗರಸು ಕರಕರ ಅಂತು. ಬಸ್ಸು ಕ್ರಾಸಿನ ಕಲ್ಲಿನ ಬುಡದಲ್ಲೇ ನಿಂತಿತು.

"ಯವ್ವಾ, ಇವತ್ತು ಊರು ಇಲ್ಲೇ ಬಂತಲ್ಲೋ!" ಪಕ್ಕೀರವ್ವ ನಗುತ್ತ ಇಳಿದಳು.

ಕುಷ್ಟಗಿಯಲ್ಲಿ ಯಂಕೋಬ ಕೀಲಿ ತೆಗೆದು ಮುಂದೆ ಹಿಡಿದ. ಮಾತು ಅಂದರೆ ಮಾತು. "ತಗೋರಿ ಧಣಿ. ಗರಸಿನ್ಯಾಗ ನಿಮ್ಮ ಮಾತು ಕೇಳ್ತೀನಿ. ಹುರಳಿ ಮ್ಯಾಲ ಕೇಳಂಗಿಲ್ಲ."

ವಿರುಪಣ್ಣ ಧೋತರಕ್ಕೆ ಅಂಟಿದ ಹೊಟ್ಟು ಕೊಡವುತ್ತ ಸಿಡುಕಿದ. "ಕೀಲಿ ನನಗ ಕೊಟ್ರ ಗಾಡಿ ಯಾರು ಹೊಡೀಬೇಕೋ? ನನಗ ಕುಂಡ್ರಾಕ ಬರವಲ್ದು."