ನಲವತ್ತು ಸೂಜಿಗಳ ಗುರುತು

ನನ್ನ ಮೈಯೊಳಗಿದ್ದ ಸಕ್ಕರೆಯನ್ನು ಹಿಂಡಿ ತೆಗೆದಿದ್ದರೆ ರಾಯಚೂರು ಜಿಲ್ಲೆಯ ಅಷ್ಟೂ ಮದುವೆಗಳಿಗೆ ಹತ್ತು ವರ್ಷ ಬುಂದೆ ಲಾಡು ಕಟ್ಟಬಹುದಿತ್ತು. ನಾನು ಬಚ್ಚಲಿಗೆ ಹೋಗಿ ಬಂದರೆ ಸಾಕು, ಮಾನ್ವಿಯ ನಮ್ಮ ಮನೆಗೆ ಇರುವೆಗಳು ಸಾಲು ಹಿಡಿಯುತ್ತಿದ್ದವು. ಆ ಸಾಲಿನ ಬಾಲ ಹರದಾರಿಗಟ್ಟಲೆ ದೂರದ ಕಲ್ಮಲದಲ್ಲಿರುತ್ತಿತ್ತು. ೧೯೭೮ರಲ್ಲಿ ರಾಯಚೂರಿನ ಡಾಕ್ಟರು ನನ್ನ ಮೂತ್ರದ ಎಂಟು ಹನಿಗಳನ್ನು ಗಾಜಿನ ನಳಿಕೆಯ ನೀಲಿ ಔಷಧಿಗೆ ಬಿಟ್ಟು ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆಯ ಕೆಂಪು ಬಂತು. ಅಂಥ ಕೆಂಪನ್ನು ಜನ್ಮದಲ್ಲೇ ಕಂಡಿರಲಿಲ್ಲವೆಂದು ಅವರು ಎದ್ದು ನಿಂತು ನನಗೆ ಕೈ ಮುಗಿದರು.

ಕೈ ಮುಗಿದ ಮೇಲೆ ಹೇಳಿದ್ದು ಮಾತ್ರ ಸಿಹಿಯಾಗಿರಲಿಲ್ಲ. ಈ ಕಾಯಿಲೆ ಬಂದರೆ ಹೋಗುವುದಿಲ್ಲ, ಹದ್ದುಬಸ್ತಿನಲ್ಲಿ ಇಟ್ಟುಕೊಂಡು ಬಾಳಬೇಕು. ದಿನಾ ಇನ್ಸುಲಿನ್ ಸೂಜಿ, ಅಳತೆಯ ಊಟ, ಬೆಳಿಗ್ಗೆ ಎದ್ದು ನಳಿಕೆಯ ಪರೀಕ್ಷೆ. ಚಪ್ಪಲಿ ಕಡಿದು ನನ್ನ ಎಡಗಾಲಿನ ಹೆಬ್ಬೆರಳಿಗಾದ ಗಾಯ ಎರಡು ತಿಂಗಳಿಂದ ಮಾಯ್ದಿರಲಿಲ್ಲ. ನಲವತ್ತು ದಿನದಲ್ಲಿ ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದರು. ನನ್ನ ಹೆಂಡತಿ ವೀರಭದ್ರಮ್ಮನ ಮುಖ ಬಿಳಿಚಿತು. ದೇವದುರ್ಗದಲ್ಲಿ ಅವಳ ಅಣ್ಣನಿಗೆ ಇದೇ ಕಾಯಿಲೆ ಬೆರಳಿನಿಂದ ಸುರುವಾಗಿ ಮೊಣಕಾಲಿನವರೆಗೆ ಕಾಲನ್ನೇ ಒಯ್ದಿತ್ತು.

ವಾರಕ್ಕೊಮ್ಮೆ ರಾಯಚೂರಿನಿಂದ ಇನ್ಸುಲಿನ್ ಬಾಟಲಿ ತಂದುಕೊಡುವವನು ಕಂಪೌಂಡರ್ ಖಾಸಿಂ ಸಾಬ್. ವೀರಭದ್ರಮ್ಮ ಅದನ್ನು ಒದ್ದೆ ಮರಳಿನ ಗಡಿಗೆಯಲ್ಲಿ ತಂಪಾಗಿಡುತ್ತಿದ್ದಳು. ಸೂಜಿಯನ್ನೂ ಅವನೇ ಬಂದು ಹಾಕಲಿ ಎಂದಳು. ನಾನು ನಕ್ಕುಬಿಟ್ಟೆ. ನಮ್ಮ ರೈಸ್ ಮಿಲ್ಲಿನಲ್ಲಿ ಎರಡೆರಡು ಚೀಲ ಬತ್ತವನ್ನು ಹಲ್ಲಿನಲ್ಲಿ ಕಚ್ಚಿ ಎತ್ತುವ ಈ ವಿರೂಪಣ್ಣನಿಗೆ ಸೂಜಿ ಯಾವ ಲೆಕ್ಕ? ದಿನಾ ಲಿಂಗಪೂಜೆ ಮುಗಿಸಿ ದೇವರ ಕೋಣೆಯಲ್ಲೇ ಚುಚ್ಚಿಕೊಳ್ಳುತ್ತೇನೆ ಎಂದೆ. ನಾನು ಪೂಜೆಗೆ ಕೂತರೆ ನಮ್ಮ ಮನೆಯಲ್ಲಿ ಆ ಬಾಗಿಲನ್ನು ಯಾರೂ ತೆರೆಯುವುದಿಲ್ಲ.

ದಿನಾ ಬಾಟಲಿಯ ಮಟ್ಟ ಇಳಿಯಿತು. ನಳಿಕೆಯ ಕೆಂಪು ಇಳಿಯಲಿಲ್ಲ.

ವೀರಭದ್ರಮ್ಮನಿಗೆ ಸಂಶಯ ಸುರುವಾಯಿತು. ಮೊದಲು ನನ್ನ ಮೀಸೆಯನ್ನು ಮೂಸಿ ನೋಡಿದಳು, ಜಿಲೇಬಿಯ ವಾಸನೆ ಇರಲಿಲ್ಲ. ಅಂಗಿಯ ಜೇಬು ತಿರುವಿದಳು, ತೌಡು ಬಿಟ್ಟರೆ ಏನೂ ಉದುರಲಿಲ್ಲ. ಮಿಲ್ಲಿಗೆ ಬುತ್ತಿಯನ್ನು ತಾನೇ ಹೊತ್ತು ತಂದು, ನಾನು ಉಂಡು ಕೈ ತೊಳೆಯುವವರೆಗೆ ಎದುರಿಗೆ ಕೂತಳು. ಅವಳ ಕಣ್ಣು ನನ್ನನ್ನು ಬಿಟ್ಟು ಬೇರೆಲ್ಲಾದರೂ ಹೊರಳಲಿ ಎಂದು ನಾನೇ ಒಂದು ದಾರಿ ತೋರಿಸಿದೆ. ಖಾಸಿಂ ಸಾಬ್ ಬಾಟಲಿಗೆ ನೀರು ಬೆರೆಸುತ್ತಾನೋ ಏನೋ ಎಂದೆ. ಒಮ್ಮೆಯೇ ಅಂದಿದ್ದು. ಮಾತು ಮಿಲ್ಲಿಗೆ ಹೋಯಿತು, ಮಿಲ್ಲಿನಿಂದ ಸಂತೆಗೆ ಹೋಯಿತು. ಇಪ್ಪತ್ತು ವರ್ಷ ಮಾನ್ವಿಯಲ್ಲಿ ಸೂಜಿ ಹಾಕಿದವನ ಕೈಯನ್ನು ಜನ ದಿಟ್ಟಿಸಿ ನೋಡತೊಡಗಿದರು.

ನಲವತ್ತನೆಯ ದಿನ ಬೆಳಿಗ್ಗೆ, ನಾನು ದೇವರ ಕೋಣೆಯಿಂದ ಹೊರಬರುವ ಹೊತ್ತಿಗೆ ಖಾಸಿಂ ಸಾಬ್ ಪಡಸಾಲೆಯಲ್ಲಿ ನಿಂತಿದ್ದ. ಕೂಡಲು ಹೇಳಿದರೂ ಕೂಡಲಿಲ್ಲ.

"ಸಾವ್ಕಾರ್ರ, ನಲವತ್ತು ದಿನ ಎಲ್ಲಿ ಚುಚಗೊಂಡ್ರಿ?"

"ತೊಡಿಗೆ. ನೀನ ಹೇಳಿಕೊಟ್ಟಿದ್ದೆಲ್ಲೋ."

"ಒಂದೀಟು ಧೋತರ ಮ್ಯಾಲ ಮಾಡ್ರಿ. ಅಕ್ಕೋರೂ ನೋಡ್ಲಿ."

ಆಗಿನ ಸೂಜಿಗಳು ದಪ್ಪ, ನಾಲ್ಕು ದಿನದ ಗುರುತಾದರೂ ಉಳಿಯಬೇಕು. ನನ್ನ ತೊಡೆ ಆಗ ತಾನೇ ಬಾಣಂತಿ ಎರೆದು ಮಲಗಿಸಿದ ಕೂಸಿನ ತೊಡೆಯಂತಿತ್ತು. ಒಂದು ಚುಕ್ಕೆಯಿಲ್ಲ.

ನಾನು ಸೋಲುವವನೇ? ನಮ್ಮ ಮನೆತನದ ಚರ್ಮವೇ ಬೇರೆ ಎಂದೆ. ನಮ್ಮ ತಾತನಿಗೆ ಬಿದ್ದ ಕೊಡಲಿಯ ಏಟು, ಕೊಡಲಿ ಹೊರಗೆ ತೆಗೆಯುವ ಮೊದಲೇ ಕೂಡಿಕೊಂಡಿತ್ತು ಎಂದೆ. "ನಮಗ ಗಾಯ ಆದ್ರ ಕಣ್ಣು ಪಿಳಕಿಸೂದ್ರಾಗ ಮಾಯತದ."

ವೀರಭದ್ರಮ್ಮ ನನ್ನ ತೊಡೆ ನೋಡಲಿಲ್ಲ. ಹೆಬ್ಬೆರಳಿಗೆ ಸುತ್ತಿದ ಬಟ್ಟೆಯನ್ನು ನೋಡುತ್ತಿದ್ದಳು.

"ಹಂಗಾದ್ರ ಇದ್ಯಾಕ ಮಾಯವಲ್ದು ಹೇಳ್ರಿ."

ನಾನು ಧೋತರ ಇಳಿಸಿಕೊಂಡು ನೆಲಕ್ಕೆ ಕೂತೆ.

"ನನಗ ಸೂಜಿ ಅಂದ್ರ ಅಂಜಿಕಿ," ಎಂದೆ. "ದಿನಾ ತೊಡಿ ಮ್ಯಾಲ ಇಟಗೊಂಡು ಕೂಡ್ತಿದ್ದೆ. ಕಡೀಕ ಒಳಗಿನ ಔಷಧ ಪೂಜಿ ನೀರಿನ ತಟ್ಟ್ಯಾಗ ಬಿಡ್ತಿದ್ದೆ. ಖಾಸಿಂ, ನಿನ್ನ ಬಾಟ್ಲ್ಯಾಗ ನೀರಿದ್ದಿಲ್ಲಪ್ಪಾ. ಆ ಮಾತು ನಾನ ಹುಟ್ಟಿಸಿದ್ದು."

ಖಾಸಿಂ ಸಾಬ್ ಸೂಜಿ ಕುದಿಸಿ ತರಲು ವೀರಭದ್ರಮ್ಮನಿಗೆ ಹೇಳಿದ. "ಇದನ್ನ ಸಂತ್ಯಾಗ ನಿಂತು ಹೇಳ್ರಿ," ಎಂದು ನನಗೆ ಹೇಳಿದ. ಅವನು ಚುಚ್ಚಿದಾಗ ನಾನು ಹೆಂಡತಿಯ ಸೆರಗು ಹಿಡಿದು ಕಣ್ಣು ಮುಚ್ಚಿಕೊಂಡೆ. ಇರುವೆ ಕಚ್ಚಿದಷ್ಟು ಆಯಿತು, ಅಷ್ಟೇ.

ಸಂತೆಯಲ್ಲಿ ಹೇಳಿದೆ. ಹದಿನೈದು ದಿನದಲ್ಲಿ ನಳಿಕೆ ಹಳದಿಗೆ ಬಂತು, ತಿಂಗಳಿಗೆ ಹಸಿರಾಯಿತು. ಆದರೆ ನಾನು ಹಾಳು ಮಾಡಿದ ನಲವತ್ತು ದಿನಗಳನ್ನು ಬೆರಳು ಮರೆಯಲಿಲ್ಲ. ಅದರ ತುದಿಯನ್ನು ರಾಯಚೂರಿನಲ್ಲಿ ತೆಗೆದರು. ಕಾಲು ಉಳಿಯಿತು. ದೇವದುರ್ಗದ ಕಡೆಯ ಗೂಗಲ್ ಊರಿನ ಹೊಳೆಯಲ್ಲಿ ಮೊಸಳೆ ನನ್ನ ಬೆರಳು ಕಚ್ಚಿತೆಂದು ನಿಮಗೆ ಯಾರಾದರೂ ಹೇಳಿದ್ದರೆ, ಅವರಿಗೆ ಹೇಳಿದವನು ನಾನೇ. ಮೊಸಳೆ ಇರಲಿಲ್ಲ. ಆ ಡಾಕ್ಟರೂ ನನಗೆ ಎದ್ದು ನಿಂತು ಕೈ ಮುಗಿದಿರಲಿಲ್ಲ.