ಎಲ್ಲರ ಗುಟ್ಟಿನ ನಂಬರು

ಮಲ್ಲಂದೂರಿನ ರೇವಣ್ಣನ ಅಂಗಡಿಯಲ್ಲಿ ಅಕ್ಕಿ, ಬೆಲ್ಲ, ಹಗ್ಗ, ಗಂಬೂಟು ಎಲ್ಲವೂ ಸಿಗುತ್ತಿದ್ದವು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಹಳೆಯ ಎಲೆಯಡಿಕೆ ಡಬ್ಬಿಯೂ ಇತ್ತು. ಅದರಲ್ಲಿ ಎಲೆಯೂ ಇರಲಿಲ್ಲ, ಅಡಿಕೆಯೂ ಇರಲಿಲ್ಲ. ಊರಿನ ಒಂಬತ್ತು ಜನರ ಎಟಿಎಂ ಕಾರ್ಡುಗಳಿದ್ದವು. ವಾರಕ್ಕೊಮ್ಮೆ ರೇವಣ್ಣ ಸಾಮಾನು ತರಲು ಚಿಕ್ಕಮಗಳೂರಿಗೆ ಹೋಗುತ್ತಿದ್ದ. ಹೇಗೂ ಹೋಗುತ್ತಾನಲ್ಲ, ನಮ್ಮ ದುಡ್ಡನ್ನೂ ತಂದುಕೊಡಲಿ ಎಂದು ಒಬ್ಬರು ಕಾರ್ಡು ಕೊಟ್ಟರು. ಅವರನ್ನು ನೋಡಿ ಇನ್ನೊಬ್ಬರು ಕೊಟ್ಟರು. ಹಾಲಿಗೆ ತಂಬಿಗೆ ಕೊಟ್ಟು ಕಳಿಸಿದಷ್ಟೇ ಸಲೀಸಾಗಿ ಇದು ನಡೆದುಕೊಂಡು ಬಂದಿತ್ತು.

ಒಂಬತ್ತು ಕಾರ್ಡಿನ ಗುಟ್ಟಿನ ನಂಬರು ನೆನಪಿಟ್ಟುಕೊಳ್ಳುವುದು ಕಷ್ಟವಲ್ಲವೇ ಎಂದರೆ, ಒಂದಿಷ್ಟೂ ಅಲ್ಲ. ಒಂಬತ್ತಕ್ಕೂ ಒಂದೇ ನಂಬರು. ಕಾರ್ಡು ಕೊಡುವಾಗ ಬ್ಯಾಂಕಿನವರು, ಯಾವತ್ತೂ ಮರೆಯದ ನಾಲ್ಕು ಅಂಕಿ ಇಟ್ಟುಕೊಳ್ಳಿ, ಹುಟ್ಟಿದ ವರ್ಷ ಮಾತ್ರ ಬೇಡ, ಕಳ್ಳರು ಊಹಿಸಿಬಿಡುತ್ತಾರೆ ಎಂದಿದ್ದರು. ಕಾಫಿ ಬೆಳೆಯುವವರು ಯಾವತ್ತೂ ಮರೆಯದ ವರ್ಷ ಒಂದೇ: ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡ ಸುಟ್ಟುಹೋಗಿ, ಇಲ್ಲಿ ಕಾಫಿಯ ರೇಟು ಎಲ್ಲಿಂದೆಲ್ಲಿಗೋ ಏರಿದ ತೊಂಬತ್ನಾಲ್ಕು. ಆ ವರ್ಷ ಜೀಪು ಕೊಂಡವರುಂಟು, ತಾರಸಿ ಮನೆ ಕಟ್ಟಿದವರುಂಟು. ಹೀಗಾಗಿ ಒಬ್ಬೊಬ್ಬರೂ ತಾವೇ ಮಹಾ ಜಾಣರೆಂದುಕೊಂಡು ೧೯೯೪ ಎಂದು ಒತ್ತಿದ್ದರು. ಒಬ್ಬೊಬ್ಬರೂ ರೇವಣ್ಣನ ಕಿವಿಯ ಹತ್ತಿರ ಬಂದು, “ಯಾರಿಗೂ ಹೇಳ್ಬೇಡ ಮಾರಾಯ” ಎಂದು ಪಿಸುಗುಟ್ಟಿದ್ದರು. ರೇವಣ್ಣ ಯಾರಿಗೂ ಹೇಳಲಿಲ್ಲ. ಬಂದ ನಗುವನ್ನು ನುಂಗಿಕೊಂಡ.

ಎಡವಟ್ಟಾದದ್ದು ೨೦೦೯ರ ಡಿಸೆಂಬರಿನಲ್ಲಿ, ಕಾಫಿ ಕುಯ್ಲಿನ ನಡುವೆ. ತಿಮ್ಮಮ್ಮನಿಗೆ ನಾಲ್ಕು ಎಕರೆ ತೋಟ. ಗಂಡ ತೀರಿಕೊಂಡ ಮೇಲೆ ತಾನೇ ನಿಂತು ನಡೆಸುತ್ತಿದ್ದ ಅರವತ್ತೈದರ ಹೆಂಗಸು. ಹಣ್ಣು ಕುಯ್ಯಲು ಬಯಲುಸೀಮೆಯಿಂದ ಬಂದಿದ್ದ ಆಳುಗಳಿಗೆ ಶನಿವಾರ ಬಟವಾಡೆ ಮಾಡಬೇಕಿತ್ತು. ಹತ್ತು ಸಾವಿರ ತಂದುಕೊಡು ಎಂದು ರೇವಣ್ಣನಿಗೆ ಹೇಳಿ ಕಳಿಸಿದ್ದಳು.

ಶುಕ್ರವಾರ ಸಂಜೆ ರೇವಣ್ಣ ಎಟಿಎಂ ಒಳಗೆ ನಿಂತು ಉಳಿದವರ ದುಡ್ಡು ತೆಗೆದು, ಕೊನೆಗೆ ತಿಮ್ಮಮ್ಮನ ಕಾರ್ಡು ಹಾಕಿದ. ಮಿಷನ್ನು ಒಳಗೊಳಗೇ ಗರಗರ ಎಣಿಸಿತು. ಎಣಿಸಿ ಸುಮ್ಮನಾಯಿತು. ದುಡ್ಡು ಬರಲಿಲ್ಲ, ಹತ್ತು ಸಾವಿರ ಕೊಟ್ಟಾಯಿತು ಎಂಬ ಚೀಟಿ ಮಾತ್ರ ಬಂತು. ರೇವಣ್ಣ ಮಿಷನ್ನಿನ ನೆತ್ತಿಗೆ ಎರಡೇಟು ಹಾಕಿದ. ಹೊರಗಿದ್ದ ಕಾವಲಿನ ಬೊಮ್ಮಯ್ಯ ಓಡಿ ಬಂದು, “ಹೊಡೀಬೇಡಿ ಸಾವ್ಕಾರ್ರೇ, ಮೇಲೆ ಕ್ಯಾಮೆರಾ ಐತೆ” ಎಂದ. ಬ್ಯಾಂಕು ಆಗಲೇ ಬಾಗಿಲು ಹಾಕಿತ್ತು.

ಬಸ್ಸಿನಲ್ಲಿ ಕುಳಿತು ರೇವಣ್ಣ ಲೆಕ್ಕ ಹಾಕಿದ. ತನ್ನ ಗಲ್ಲಾದಿಂದಲೇ ಹತ್ತು ಸಾವಿರ ಕೊಟ್ಟು ಬಾಯಿ ಮುಚ್ಚಿಕೊಂಡಿದ್ದರೆ ಹೇಗೆ? ಸುದ್ದಿ ಒಂದಲ್ಲ ಒಂದು ದಿನ ಹೊರಗೆ ಬರುತ್ತದೆ. ತೆಗೆದುಕೊಳ್ಳದ ದುಡ್ಡನ್ನು ಯಾವನಾದರೂ ಕಟ್ಟಿಕೊಡುತ್ತಾನೆಯೇ ಎಂದು ಊರು ಕೇಳುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ಸರಿ ಎಂದುಕೊಂಡು ಇಳಿದ.

ತಿಮ್ಮಮ್ಮ ಕಣದಲ್ಲಿ ಲೈಟು ಹಾಕಿಕೊಂಡು ಅಂದು ಕುಯ್ದ ಕಾಫಿ ಹಣ್ಣು ಹರವುತ್ತಿದ್ದಳು. ರೇವಣ್ಣ ಚೀಟಿ ಕೊಟ್ಟು, ನಡೆದದ್ದನ್ನೆಲ್ಲ ಹೇಳಿದ. ಅವಳು ಚೀಟಿ ನೋಡಿದಳು, ಅವನ ಮುಖ ನೋಡಿದಳು. ಆಮೇಲೆ, “ನೀನು ಹೇಳಿದ ಮೇಲೆ ಮುಗೀತು ಬಿಡು” ಎಂದಳು. ನಡುವೆ ಅವಳು ಸುಮ್ಮನಿದ್ದದ್ದು ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಆದರೆ ಮೂವತ್ತು ವರ್ಷ ತಕ್ಕಡಿ ಹಿಡಿದವನಿಗೆ ಅಷ್ಟು ತೂಕ ಗೊತ್ತಾಗದೆ ಇರುತ್ತದೆಯೇ?

ಜಗಲಿಯ ಮೇಲೆ ಕುಳಿತಿದ್ದ ಅವಳ ಮೈದುನನ ಮಗ ಚಂದ್ರಶೇಖರ ಬಹಳ ಮರ್ಯಾದೆಯಿಂದ ಹೇಳಿದ: “ಮಿಷನ್ನು ದುಡ್ಡು ನುಂಗಿದ್ದು ನಾನಂತೂ ಕೇಳಿಲ್ಲ ರೇವಣ್ಣೋರೇ.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮರ್ಯಾದೆಗೆ ಏನು ಉತ್ತರ ಕೊಡುವುದು? ರೇವಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟ. ತಿಮ್ಮಮ್ಮ ಒಳ್ಳೆಯ ರೇಟು ಬರಲೆಂದು ಇಟ್ಟುಕೊಂಡಿದ್ದ ಎರಡು ಚೀಲ ಕಾಳುಮೆಣಸನ್ನು ಬಂದ ಬೆಲೆಗೆ ಮಾರಿ ಬಟವಾಡೆ ಮಾಡಿದಳು ಎಂದು ಮರುದಿನ ಗೊತ್ತಾಯಿತು. ಭಾನುವಾರ ಮೂರು ಜನ ಬಂದು ಕಾರ್ಡು ವಾಪಸು ತೆಗೆದುಕೊಂಡರು. ಒಬ್ಬರ ಮಗಳಿಗೆ ಕಾರ್ಡು ನೋಡಬೇಕಂತೆ, ಇನ್ನೊಬ್ಬರದು ಸುಮ್ಮನೆ ಮನೆಯಲ್ಲಿರಲಿ ಅಂತ. ನಿಜವಾದ ಕಾರಣ ಯಾರೂ ಹೇಳಲಿಲ್ಲ. ಸಾಮಾನು ಕೊಳ್ಳುವವರು ಮಾತ್ರ ಚಿಲ್ಲರೆಯನ್ನು ಎರಡೆರಡು ಸಲ ಎಣಿಸತೊಡಗಿದರು.

ಸೋಮವಾರ ಅವನೂ ತಿಮ್ಮಮ್ಮನೂ ಬ್ಯಾಂಕಿಗೆ ಹೋದರು. ದೂರು ಬರೆದುಕೊಳ್ಳಲು ಕುಳಿತವಳು ನಾಗಶ್ರೀ ಎಂಬ ಚಿಕ್ಕ ವಯಸ್ಸಿನ ಅಧಿಕಾರಿ.

“ಮಿಷನ್ನಿಗೆ ಕಾರ್ಡು ಹಾಕಿದ್ದು ಯಾರು?” ಎಂದು ಕೇಳಿದಳು. ಇಬ್ಬರೂ ಮುಖ ಮುಖ ನೋಡಿಕೊಂಡದ್ದನ್ನು ಕಂಡು ಪೆನ್ನು ಕೆಳಗಿಟ್ಟಳು. “ಅಮ್ಮಾ, ಮಿಷನ್ ತಪ್ಪಾಗಿದ್ರೆ ದುಡ್ಡು ನಿಮ್ಮದೇ, ಹನ್ನೆರಡು ಕೆಲಸದ ದಿನದೊಳಗೆ ಕೊಡ್ಬೇಕು ಅಂತ ರೂಲ್ಸ್ ಇದೆ. ಆದ್ರೆ ಗುಟ್ಟಿನ ನಂಬರು ಇನ್ನೊಬ್ರಿಗೆ ಹೇಳಿದ್ರೆ ಬ್ಯಾಂಕು ಜವಾಬ್ದಾರಿ ಅಲ್ಲ ಅಂತಾನೂ ಇದೆ. ಕಾರ್ಡಿನ ಕವರ್ ಮೇಲೇ ಅಚ್ಚು ಹಾಕಿರ್ತಾರೆ.”

ತಿಮ್ಮಮ್ಮ ರೆಪ್ಪೆ ಬಡಿಯದೆ, “ನಾನೇ ಹೋಗಿದ್ದೆ ಅಂತ ಬರ್ಕೊಳಿ” ಎಂದಳು.

ರೇವಣ್ಣನಿಗೆ ಒಂದು ಕ್ಷಣ ಎದೆ ಹಗುರಾಯಿತು. ದುಡ್ಡು ಬಂದರೆ ಸಾಕಲ್ಲ? ಆಮೇಲೆ ಬೊಮ್ಮಯ್ಯ ತೋರಿಸಿದ ಕ್ಯಾಮೆರಾ ನೆನಪಾಯಿತು. ಕ್ಯಾಮೆರಾ ಇಲ್ಲದಿದ್ದರೂ, ತಾನು ಅಲ್ಲಿರಲೇ ಇಲ್ಲ ಎಂದು ಬರೆಸಿ ತನ್ನ ಹೆಸರನ್ನು ಉಳಿಸಿಕೊಳ್ಳುವುದು ಯಾವ ನ್ಯಾಯ?

“ಬೇಡ ಮೇಡಂ. ಹಾಕಿದ್ದು ನಾನು” ಎಂದ. ತಿಮ್ಮಮ್ಮನ ಕಡೆ ತಿರುಗಿ, “ನಿಮ್ಮ ದುಡ್ಡು ಮುಳುಗಿದ್ರೆ ನಾನು ಕಟ್ಟಿಕೊಡ್ತೀನಿ ತಿಮ್ಮಮ್ಮೋರೇ. ಸುಳ್ಳು ಬರೆಸಿ ತಂದ ದುಡ್ಡಿಂದ ನನ್ನ ಮೇಲಿನ ಅನುಮಾನ ಹೋಗಲ್ಲ” ಎಂದ. ಗಂಟೆ, ನಿಮಿಷ, ಎರಡೇಟು ಹೊಡೆದದ್ದು, ಯಾವುದನ್ನೂ ಬಿಡದೆ ಬರೆದು ಸಹಿ ಹಾಕಿದ.

“ನಂಬರನ್ನ ಎಲ್ಲಾದ್ರೂ ಬರೆದಿಟ್ಟಿದ್ರಾ?” ಎಂದು ನಾಗಶ್ರೀ ಕೇಳಿದಳು.

“ಬರೆಯೋದೆಂತಕ್ಕೆ? ನಮ್ಮೂರಲ್ಲಿ ಎಲ್ಲರದ್ದೂ ಒಂದೇ, ತೊಂಬತ್ನಾಲ್ಕು” ಎಂದ ರೇವಣ್ಣ.

ಹಿಂದೆ ಸರದಿಯಲ್ಲಿ ನಿಂತಿದ್ದ ಪ್ಲಾಂಟರೊಬ್ಬರು ಕೈಯಲ್ಲಿದ್ದ ಕಾರ್ಡನ್ನು ಮೆಲ್ಲಗೆ ಜೇಬಿಗಿಳಿಸಿದರು. ಚಹಾ ತರುತ್ತಿದ್ದ ಅಟೆಂಡರ್ ಪುಟ್ಟಸ್ವಾಮಿ ಅಲ್ಲೇ ನಿಂತುಬಿಟ್ಟ. ಅವನಿಗೂ ಒಂದೆಕರೆ ಕಾಫಿ ಇತ್ತು. ನಾಗಶ್ರೀ ಹಣೆ ಹಿಡಿದುಕೊಂಡಳು.

ಆಮೇಲಿನ ದಿನಗಳನ್ನು ರೇವಣ್ಣ ಹೇಗೆ ಕಳೆದನೋ ಅವನಿಗೇ ಗೊತ್ತು. ಅಂಗಡಿ ತೆರೆಯುತ್ತಿದ್ದ, ತೂಗುತ್ತಿದ್ದ, ಕಟ್ಟುತ್ತಿದ್ದ. ಡಬ್ಬಿಯಲ್ಲಿ ಉಳಿದ ಕಾರ್ಡುಗಳನ್ನು ಮುಟ್ಟಲು ಮನಸ್ಸಾಗಲಿಲ್ಲ. ಇಷ್ಟು ವರ್ಷ ಆ ಡಬ್ಬಿಯನ್ನು ಜನ ತನ್ನ ಮೇಲಿಟ್ಟ ನಂಬಿಕೆ ಎಂದುಕೊಂಡು ಒಳಗೊಳಗೇ ಬೀಗಿದ್ದ. ಅದು ನಂಬಿಕೆಯೂ ಹೌದು. ಯಾವತ್ತಾದರೂ ಕುತ್ತಿಗೆಗೆ ಬರಬಹುದಾದ ಹೊರೆಯೂ ಹೌದು ಎಂದು ಈಗ ತಿಳಿಯಿತು.

ಹನ್ನೊಂದನೆಯ ದಿನ ನಾಗಶ್ರೀ ಫೋನು ಮಾಡಿದಳು. ಆ ಶುಕ್ರವಾರದ ಲೆಕ್ಕ ತಾಳೆ ನೋಡಿದಾಗ ಮಿಷನ್ನಿನೊಳಗೆ ಹತ್ತು ಸಾವಿರ ಹೆಚ್ಚಿತ್ತಂತೆ. “ನೀವು ಬರೆದ ನಿಮಿಷಕ್ಕೆ ಸರಿಯಾಗಿ ಕ್ಯಾಮೆರಾದಲ್ಲಿ ನೀವೇ ಇದ್ರಿ. ಬರಿಗೈಲಿ ನಿಂತು ಮಿಷನ್ನಿಗೆ ಹೊಡೀತಾ ಇದ್ರಿ. ಬೇರೆಯವರ ಹೆಸರು ಬರೆದಿದ್ರೆ ಕಷ್ಟ ಆಗ್ತಿತ್ತು. ಈ ಸಲ ದುಡ್ಡು ಅವರ ಖಾತೆಗೆ ಹಾಕಿದ್ದೀವಿ. ಆದ್ರೆ ಆ ನಂಬರು ಇವತ್ತೇ ಬದಲಾಯಿಸಿ.”

ರೇವಣ್ಣ ಮೊದಲು ಹೋದದ್ದು ತಿಮ್ಮಮ್ಮನ ಮನೆಗೆ. ಜಗಲಿಯಲ್ಲಿದ್ದ ಚಂದ್ರಶೇಖರ ಎದ್ದು ನಿಂತು ಕಾಫಿ ಕುಡಿದುಕೊಂಡು ಹೋಗಿ ಎಂದ. ಕುಡಿದ. ಆಮೇಲೆ ಉಳಿದ ಐವರ ಮನೆಗಳಿಗೂ ಹೋಗಿ ಅವರವರ ಕಾರ್ಡನ್ನು ಅವರವರ ಕೈಗೇ ಕೊಟ್ಟ. ಇಟ್ಟುಕೋ ಮಾರಾಯ, ಈಗ ಎಲ್ಲ ಸರಿಹೋಯ್ತಲ್ಲ ಎಂದು ಅವರು ಒತ್ತಾಯ ಮಾಡಿದರೂ ಇಟ್ಟುಕೊಳ್ಳಲಿಲ್ಲ.

ಮಾರನೆಯ ದಿನ ತಿಮ್ಮಮ್ಮ ಅವನ ಜೊತೆ ಚಿಕ್ಕಮಗಳೂರಿಗೆ ಬಂದಳು. ಎಟಿಎಂ ಒಳಗೆ ಕಾರ್ಡು ಹಾಕುವುದು ಹೇಗೆ, ಯಾವ ಗುಂಡಿ ಒತ್ತುವುದು ಎಂದು ರೇವಣ್ಣ ತೋರಿಸಿಕೊಟ್ಟ. “ಹೊಸ ನಂಬರು ಒತ್ತುವಾಗ ಕೈ ಮರೆ ಮಾಡ್ಬೇಕು. ಪಕ್ಕದಲ್ಲಿ ಯಾರೇ ಇರ್ಲಿ” ಎಂದ.

ತಿಮ್ಮಮ್ಮ ಸೆರಗನ್ನು ಅಗಲವಾಗಿ ಬಿಡಿಸಿ ಗುಂಡಿಗಳ ಮೇಲೆ ಹಿಡಿದಳು. ಅಷ್ಟು ಸಾಲದೆಂದು ತಿರುಗಿ, ರೇವಣ್ಣನಿಗೆ ಬೆನ್ನು ಹಾಕಿ ನಿಂತಳು. ಹೇಳಿಕೊಟ್ಟವನು ತಾನೇ. ಆದರೂ ಚುರುಕ್ ಎಂದಿತು. ಕಣದಲ್ಲಿ ಅವಳು ಸುಮ್ಮನಿದ್ದ ಆ ಒಂದು ಉಸಿರು ಮತ್ತೆ ನೆನಪಾಯಿತು. ಅವನು ಹೊರಗೆ ಬಂದು ರಸ್ತೆ ನೋಡುತ್ತ ನಿಂತ.

ತಿಮ್ಮಮ್ಮ ನೋಟುಗಳನ್ನು ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. “ನಿನಗೆ ಕಾಣ್ಲಿಲ್ಲ ತಾನೇ?”

“ಇಲ್ಲ.”

“ಖಂಡಿತವಾ?”

“ಖಂಡಿತ ತಿಮ್ಮಮ್ಮೋರೇ. ನಂಗೇನೂ ಗೊತ್ತಿಲ್ಲ.”

“ಅಷ್ಟೇ ಬೇಕಿತ್ತು. ಇನ್ಮೇಲೆ ನನ್ನ ದುಡ್ಡು ಎಲ್ಲೇ ಹೋಗ್ಲಿ, ನಿನ್ನನ್ನ ಯಾರೂ ಕೇಳಂಗಿಲ್ಲ” ಎಂದಳು. “ಆವತ್ತು ಕಣದಲ್ಲಿ ನಾನೂ ಒಂದು ಗಳಿಗೆ ನೀನೇ ತಗೊಂಡ್ಯೇನೋ ಅಂದ್ಕೊಂಡೆ ರೇವಣ್ಣ. ಇನ್ನೊಂದ್ಸಲ ಹಂಗೆ ಅಂದ್ಕೊಳ್ಳೋದು ನಂಗೆ ಬೇಡ.”

ರೇವಣ್ಣನ ಕಣ್ಣು ತುಂಬಿ ಬಂತು. ಅವಳ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದ.